ಎದೆಯುರಿಯ ಗುಳಿಗೆ ಎಷ್ಟು ಕಾಲ?

ನಮ್ಮ ನೆರೆಮನೆಯ ರಾಯರ ದಿನಚರಿಯು ಒಂದು ಗುಳಿಗೆಯಿಂದ ಪ್ರಾರಂಭವಾಗುತ್ತಿದ್ದಿತು. ಹಾಸಿಗೆಯಿಂದೆದ್ದು, ಮುಖ ತೊಳೆದು, ದೇವರ ಪಟಕ್ಕೆ ಕೈಮುಗಿದು, ಗೂಡಿನಲ್ಲಿಟ್ಟ ಪಟ್ಟಿಯಿಂದ ಒಂದು ಹಳದಿ ಗುಳಿಗೆಯನ್ನು ಬಿಡಿಸಿ ನೀರಿನೊಡನೆ ನುಂಗುವರು. ಆಮೇಲೆ ವೃತ್ತಪತ್ರಿಕೆ, ಅರ್ಧ ಗಂಟೆ ಕಳೆದ ಮೇಲೆ ಕಾಫಿ. ಒಂಬತ್ತು ವರ್ಷಗಳಲ್ಲಿ ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ಮಗಳ ಮದುವೆಯ ಗಡಿಬಿಡಿಯಲ್ಲಿ ಛತ್ರದ ಬೀಗದ ಕೈಯನ್ನು ಮರೆತರೇ ಹೊರತು ಗುಳಿಗೆಯನ್ನು ಮರೆಯಲಿಲ್ಲವೆಂದು ಅವರ ಮನೆಯಾಕೆ ಇಂದಿಗೂ ಹಾಸ್ಯಮಾಡುವುದುಂಟು.

ಒಂದು ದಿನ ಆಕೆಯೇ ಕೇಳಿದರು: “ಅಲ್ಲಾ ರೀ, ಇದನ್ನು ಎಷ್ಟು ದಿವಸ ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು?”

ರಾಯರು ತಡವರಿಸಿದರು. ಕಬ್ಬಿಣದ ಪೆಟ್ಟಿಗೆಯ ತಳದಿಂದ, ಮಡಿಕೆಯಲ್ಲಿ ಹರಿದುಹೋದ ಹಳೆಯ ಚೀಟಿಯೊಂದು ಹೊರಬಂದಿತು. ಅದರಲ್ಲಿ ಬರೆದಿದ್ದುದು ‘ನಾಲ್ಕು ವಾರ’! ನಾಲ್ಕು ವಾರ ಮುಗಿದ ಮೇಲೆ ವೈದ್ಯರ ಬಳಿಗೆ ಹೋಗಲು ಬಿಡುವಾಗಲಿಲ್ಲ. ಔಷಧದ ಅಂಗಡಿಯಲ್ಲಿ ಖಾಲಿ ಪಟ್ಟಿಯನ್ನು ತೋರಿಸಿದರೆ ಹೊಸ ಪಟ್ಟಿ ಸಿಕ್ಕುತ್ತಿದ್ದಿತು. ಹೀಗೆ ನಾಲ್ಕು ವಾರಗಳು ಒಂಬತ್ತು ವರ್ಷಗಳಾಗಿ ಬೆಳೆದವು.

ರಾಯರಿಗೆ ರೋಷ ಬಂದಿತು. ಮರುದಿನವೇ ಗುಳಿಗೆಯನ್ನು ನಿಲ್ಲಿಸಿದರು. ಮೊದಲ ಎರಡು ದಿನ ಏನೂ ಇಲ್ಲ. ನಾಲ್ಕನೆಯ ದಿನ ಎದೆಯಲ್ಲಿ ಕಿಚ್ಚು ಹೊತ್ತಿದಂತಾಯಿತು. ಒಂದು ವಾರವಾಗುವುದರೊಳಗೆ, ರಾತ್ರಿ ಎರಡು ಗಂಟೆಗೆ ಹಾಸಿಗೆಯ ಮೇಲೆ ಎದ್ದು ಕುಳಿತು, ಹುಳಿನೀರನ್ನು ನುಂಗಿಕೊಳ್ಳುತ್ತಾ, ಬೆಳಗಾಗುವುದನ್ನೇ ಕಾಯತೊಡಗಿದರು. ಎಂಟನೆಯ ದಿನ ಪುನಃ ಗುಳಿಗೆಗೆ ಶರಣು. “ಈ ಜನ್ಮಕ್ಕೆ ಇದು ನನ್ನನ್ನು ಬಿಡುವುದಲ್ಲ” ಎಂದು ನಮ್ಮ ಜಗಲಿಯ ಮೇಲೆ ಕುಳಿತು ನಿಟ್ಟುಸಿರಿಟ್ಟರು.

ಈ ಕಥೆ ರಾಯರೊಬ್ಬರದೇ ಅಲ್ಲ. ನಗರದ ಯಾವ ಬೀದಿಯಲ್ಲಿ ವಿಚಾರಿಸಿದರೂ ಇಂಥ ಒಂದೆರಡು ಮನೆಗಳು ಸಿಕ್ಕುತ್ತವೆ. ಇದರಲ್ಲಿ ರೋಗದ ಪಾಲೆಷ್ಟು, ಔಷಧದ ಪಾಲೆಷ್ಟು, ನಮ್ಮ ಅಲಕ್ಷ್ಯದ ಪಾಲೆಷ್ಟು ಎಂಬುದನ್ನು ತಿಳಿದುಕೊಳ್ಳುವುದು ಪ್ರಯೋಜನಕರ.

ಉರಿಯುವುದು ಎಲ್ಲಿ?

ಹೆಸರು ಎದೆಯುರಿಯೆಂದಿದ್ದರೂ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಉರಿಯುವುದು ಎದೆಯ ಎಲುಬಿನ ಹಿಂದೆ ಇಳಿಯುವ ಅನ್ನನಾಳ. ಬಾಯಿಂದ ಹೊರಟ ತುತ್ತು ಈ ನಾಳದ ಮೂಲಕ ಜಠರಕ್ಕೆ ಬೀಳುತ್ತದೆ. ಇವೆರಡೂ ಕೂಡುವ ಸ್ಥಳದಲ್ಲಿ ಬಳೆಯಾಕಾರದ ಸ್ನಾಯುವೊಂದು ಇರುತ್ತದೆ. ಅಕ್ಕಿಯ ಚೀಲದ ಬಾಯಿಗೆ ಹುರಿ ಕಟ್ಟಿದಂತೆ ಇದು ಜಠರದ ಬಾಯಿಯನ್ನು ಬಿಗಿದಿಟ್ಟು, ತುತ್ತು ಬಂದಾಗ ಮಾತ್ರ ಸಡಿಲುತ್ತದೆ. ಸುತ್ತಲಿನ ವಪೆಯೂ ಈ ಬಿಗಿತಕ್ಕೆ ಕೈಗೂಡಿಸುತ್ತದೆ.

ಜಠರವು ದಿನವೊಂದಕ್ಕೆ ಸುಮಾರು ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಈ ಆಮ್ಲವನ್ನು ತಾಳಿಕೊಳ್ಳಲು ಜಠರದ ಒಳಗೋಡೆಗೆ ದಪ್ಪನಾದ ಲೋಳೆಯ ಹೊದಿಕೆಯುಂಟು. ಅನ್ನನಾಳಕ್ಕೆ ಅಂಥ ಕವಚವಿಲ್ಲ. ಬಳೆಸ್ನಾಯುವು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಿದರೆ ಆಮ್ಲ ಮೇಲಕ್ಕೆ ಚಿಮ್ಮುತ್ತದೆ, ನಾಳ ಉರಿಯುತ್ತದೆ, ಹುಳಿತೇಗು ಬರುತ್ತದೆ, ಕೆಲವರಿಗೆ ಬಾಯಿತುಂಬ ಹುಳಿನೀರು ಬರುವುದೂ ಉಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಹುಮಟ್ಟಿಗೆ ಈ ರೋಗಿಗಳ ಜಠರದಲ್ಲಿ ಆಮ್ಲ ಹೆಚ್ಚಾಗಿರುವುದಿಲ್ಲ. ಇರಬೇಕಾದಷ್ಟು ಆಮ್ಲವೇ ಇರಬಾರದ ಸ್ಥಳಕ್ಕೆ ಬಂದಿರುತ್ತದೆ. ದೋಷ ಬಾಗಿಲಿನದು. ಆದರೆ ಬಾಗಿಲನ್ನು ಭದ್ರಪಡಿಸುವ ಗುಳಿಗೆ ನಮ್ಮಲ್ಲಿಲ್ಲ. ಆದುದರಿಂದ ವೈದ್ಯರು ಆಮ್ಲವನ್ನು ಕುಗ್ಗಿಸುವ ಉಪಾಯವನ್ನು ಹಿಡಿದಿದ್ದಾರೆ. ಬಾಗಿಲು ಹಾಗೆಯೇ ಇರುವುದರಿಂದ, ಔಷಧ ನಿಂತಾಗ ಕೆಲವರಿಗೆ ಉರಿ ಮರಳುವುದು ಆಶ್ಚರ್ಯವಲ್ಲ.

ಸೋಡಾ ಪುಡಿಯಿಂದ ಸ್ವೀಡನ್ನಿನ ಗುಳಿಗೆಯವರೆಗೆ

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಎಂದು 1823ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಪ್ರೌಟ್. ಅದಕ್ಕೆ ಒಂದು ವರ್ಷ ಹಿಂದೆ, 1822ರಲ್ಲಿ, ಅಮೆರಿಕೆಯ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಕೋವಿಯ ಗುಂಡು ತಗುಲಿ, ಗಾಯ ಮಾಯ್ದರೂ ಜಠರಕ್ಕೆ ಹೊರಗಿನಿಂದ ಒಂದು ರಂಧ್ರ ಉಳಿದುಹೋಯಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಆ ಕಿಟಕಿಯೊಳಗಿಂದ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ನೋಡಿ, 1833ರಲ್ಲಿ ಗ್ರಂಥ ಬರೆದರು. ಅನ್ನನಾಳವು ಜಠರದ ಆಮ್ಲದಿಂದಲೇ ಹುಣ್ಣಾಗುತ್ತದೆಂಬುದನ್ನು ಒಂದು ಪ್ರತ್ಯೇಕ ರೋಗವಾಗಿ ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೀನ್ ವರ್ಣಿಸಿದುದು ಮಾತ್ರ 1935ರಷ್ಟು ಈಚೆಗೆ.

ಬಹುಕಾಲದವರೆಗೆ ಇದ್ದ ಮದ್ದು ಆಮ್ಲವನ್ನು ಮುರಿಯುವ ಕ್ಷಾರ ಒಂದೇ. ನಮ್ಮ ಅಜ್ಜಂದಿರು ಅಡುಗೆ ಸೋಡಾವನ್ನು ನೀರಿಗೆ ಹಾಕಿ ಕುಡಿದು, ದೊಡ್ಡದೊಂದು ತೇಗು ಬಂದೊಡನೆ ‘ಈಗ ಹಗುರವಾಯಿತು’ ಎನ್ನುತ್ತಿದ್ದರು. ಅನಂತರ ಮೆಗ್ನೀಸಿಯಂ, ಅಲ್ಯೂಮಿನಿಯಂ ಲವಣಗಳ ಬಿಳಿಯ ಹಾಗೂ ಗುಲಾಬಿ ಬಣ್ಣದ ದ್ರವೌಷಧಗಳು ಬಂದವು. ಇವು ನಿಮಿಷಗಳಲ್ಲಿ ಉರಿಯನ್ನು ತಣಿಸುತ್ತವೆ. ಆದರೆ ಪ್ರಭಾವ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆಮ್ಲ ಉತ್ಪನ್ನವಾಗುವುದನ್ನೇ ತಡೆಯಬಾರದೇಕೆ ಎಂದು ಕೇಳಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಹಿಸ್ಟಮೀನ್ ಎಂಬ ವಸ್ತುವು ಜಠರದ ಜೀವಕೋಶಗಳಿಗೆ ‘ಆಮ್ಲ ಸುರಿಸು’ ಎಂದು ಆಜ್ಞೆ ಕೊಡುತ್ತದೆ. ಆ ಆಜ್ಞೆ ತಲುಪುವ ಬಾಗಿಲನ್ನು ಮುಚ್ಚುವ ವಸ್ತುವನ್ನು ಬ್ಲ್ಯಾಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ಹುಡುಕಿದರು. ಫಲವಾಗಿ 1976ರಲ್ಲಿ ಸಿಮೆಟಿಡೀನ್ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದಿತು. 1988ರಲ್ಲಿ ಬ್ಲ್ಯಾಕ್‌ಗೆ, ಇನ್ನಿಬ್ಬರು ವಿಜ್ಞಾನಿಗಳೊಡನೆ, ನೊಬೆಲ್ ಪಾರಿತೋಷಕ ದೊರಕಿತು. ಇದೇ ವರ್ಗದ ರಾನಿಟಿಡೀನ್ ನಮ್ಮ ದೇಶದಲ್ಲಿ ಮನೆಮಾತಾಗಿದ್ದಿತು. ಅದರಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಷವೊಂದು 2019ರಲ್ಲಿ ಕಂಡುಬಂದುದರಿಂದ 2020ರಲ್ಲಿ ಅಮೆರಿಕೆಯ ಅಂಗಡಿಗಳಿಂದ ಅದನ್ನು ಹಿಂತೆಗೆಯಿಸಲಾಯಿತು; ಭಾರತದ ಅವಶ್ಯಕ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಡಲಾಯಿತು. ಅದೇ ವರ್ಗದ ಫಾಮೋಟಿಡೀನ್‌ಗೆ ಈ ದೋಷ ತಗುಲಲಿಲ್ಲ.

ಆಮ್ಲವನ್ನು ಕಟ್ಟಕಡೆಗೆ ಜಠರದೊಳಗೆ ತಳ್ಳುವುದು ಜೀವಕೋಶಗಳಲ್ಲಿರುವ ಅತಿಸೂಕ್ಷ್ಮ ‘ಪಂಪು’ಗಳು. ಆ ಪಂಪನ್ನೇ ಹಿಡಿದು ನಿಲ್ಲಿಸುವ ಒಮೆಪ್ರಜೋಲ್ ಸ್ವೀಡನ್ನಿನಲ್ಲಿ ಸಿದ್ಧವಾಯಿತು. ಅತಿ ಹೆಚ್ಚಿನ ಪ್ರಮಾಣದಲ್ಲಿ ಬಾಳೆಲ್ಲ ಅದನ್ನು ತಿಂದ ಇಲಿಗಳ ಜಠರದಲ್ಲಿ ಗೆಡ್ಡೆಗಳು ಕಾಣಿಸಿಕೊಂಡುದರಿಂದ 1984ರಲ್ಲಿ ಪ್ರಯೋಗಗಳು ಕೆಲಕಾಲ ನಿಂತಿದ್ದವು. ಕಾರಣವನ್ನು ವಿಚಾರಿಸಿ ಪುನಃ ಮುಂದುವರಿಸಿದ ಮೇಲೆ, 1988ರಲ್ಲಿ ಔಷಧ ಬಳಕೆಗೆ ಬಂದಿತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೋಮೆಪ್ರಜೋಲ್ ಇವೆಲ್ಲ ಅದರ ದಾಯಾದಿಗಳು. ರಾಯರ ಹಳದಿ ಗುಳಿಗೆಯೂ ಈ ಕುಲದ್ದೇ.

ಸೌಮ್ಯವೆಂದರೆ ಯಾವುದು?

ಒಂದೇ ಬಗೆಯ ಉರಿಯಿಂದ ನರಳುವ ಇಬ್ಬರ ಅನ್ನನಾಳಗಳು ಒಂದೇ ಬಗೆಯಾಗಿರಬೇಕೆಂಬ ನಿಯಮವಿಲ್ಲ. ಒಬ್ಬರಲ್ಲಿ ಉರಿ ಬಹಳ, ಗಾಯವೇನೂ ಇಲ್ಲ; ಇನ್ನೊಬ್ಬರಲ್ಲಿ ಉರಿ ಅಲ್ಪ, ಒಳಗೆ ಹುಣ್ಣು. ಬಾಯಿಯ ಮೂಲಕ ಸಣ್ಣ ನಳಿಕೆಯನ್ನು ಇಳಿಸಿ ನೋಡುವ ಎಂಡೋಸ್ಕೊಪಿಯೇ ಇದನ್ನು ಹೇಳಬಲ್ಲದು. ಕಂಡ ಗಾಯವನ್ನು ವೈದ್ಯರು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಐದು ಮಿಲಿಮೀಟರನ್ನು ಮೀರದ ಗೀರುಗಳು ಎ ದರ್ಜೆ. ನಾಳದ ಸುತ್ತಳತೆಯ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಹುಣ್ಣಾಗಿದ್ದರೆ ಡಿ ದರ್ಜೆ.

ಎದೆಯುರಿಯುಳ್ಳವರೆಲ್ಲರೂ ಒಡನೆಯೇ ಈ ಪರೀಕ್ಷೆಗೆ ಓಡಬೇಕಾಗಿಲ್ಲ. ಅಪಾಯದ ಗುರುತುಗಳಿಲ್ಲದಿದ್ದರೆ, ಎಂಟು ವಾರ ಪಂಪುರೋಧಕ ಗುಳಿಗೆಯನ್ನು ಕೊಟ್ಟು ನೋಡುವುದು ವೈದ್ಯರು ಒಪ್ಪಿದ ಕ್ರಮ. ಗುಣವಾದರೆ ಮುಂದೇನು ಎಂಬುದೇ ಪ್ರಶ್ನೆ. ನಮ್ಮಲ್ಲಿ ಬಹುಜನರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅನ್ನನಾಳದಲ್ಲಿ ಹುಣ್ಣಾಗಲಿ, ‘ಬ್ಯಾರೆಟ್’ ಎಂದು ಕರೆಯುವ ಒಳಪೊರೆಯ ಬದಲಾವಣೆಯಾಗಲಿ ಇಲ್ಲದವರು, ಗುಣವಾದ ಮೇಲೆ ಗುಳಿಗೆಯನ್ನು ನಿಲ್ಲಿಸಲು ಯತ್ನಿಸಬೇಕು, ಇಲ್ಲವೇ ಬೇಕಾದಾಗ ಮಾತ್ರ ಸೇವಿಸಬೇಕು ಎಂದು ಅಮೆರಿಕೆಯ ಜಠರರೋಗ ತಜ್ಞರ ಸಂಘ 2022ರಲ್ಲಿ ಸ್ಪಷ್ಟವಾಗಿ ಸಲಹೆಯಿತ್ತಿದೆ. ಸಿ, ಡಿ ದರ್ಜೆಯವರೂ ಬ್ಯಾರೆಟ್ ಉಳ್ಳವರೂ ಮಾತ್ರ ನಿರಂತರವಾಗಿ ಸೇವಿಸಬೇಕಾದವರು. ನಡುವಿನವರ ವಿಷಯವನ್ನು ವೈದ್ಯರೇ ತೂಗಿನೋಡಬೇಕು.

ಸೌಮ್ಯರೋಗಕ್ಕೆ ಇರುವ ದಾರಿಗಳು

ಮೊದಲನೆಯದು, ಬೇಕಾದಾಗ ಮಾತ್ರ ಸೇವಿಸುವುದು. ಉರಿ ಕಾಣಿಸಿಕೊಂಡಾಗ ಗುಳಿಗೆಯನ್ನು ಪ್ರಾರಂಭಿಸಿ, ತಣಿದೊಡನೆ ನಿಲ್ಲಿಸುವುದು. ಹೀಗೆ ಮಾಡುವವರಿಗೆ ಒಂದು ವಿಷಯ ತಿಳಿದಿರಬೇಕು: ಪಂಪುರೋಧಕ ಗುಳಿಗೆ ನೀರಿನಂತೆ ಒಡನೆಯೇ ಬೆಂಕಿಯನ್ನಾರಿಸುವುದಲ್ಲ. ಕೆಲಸಮಾಡುತ್ತಿರುವ ಪಂಪುಗಳನ್ನು ಮಾತ್ರ ಅದು ಹಿಡಿಯಬಲ್ಲದು. ಪೂರ್ಣ ಪ್ರಭಾವ ಕಾಣಿಸಲು ಮೂರರಿಂದ ಐದು ದಿನಗಳು ಬೇಕು. ಅಷ್ಟರವರೆಗೆ ದ್ರವೌಷಧದ ಸಹಾಯ ತೆಗೆದುಕೊಳ್ಳಬಹುದು.

ಎರಡನೆಯದು, ಬಿಟ್ಟು ಬಿಟ್ಟು ಸೇವಿಸುವುದು. ವರ್ಷದಲ್ಲಿ ಎರಡು ಮೂರು ಸಲ ಕೆರಳುವ ರೋಗಕ್ಕೆ, ಕೆರಳಿದಾಗಲೆಲ್ಲ ವೈದ್ಯರು ಹೇಳಿದಂತೆ ಎರಡು ಅಥವಾ ನಾಲ್ಕು ವಾರ ತಪ್ಪದೆ ಸೇವಿಸಿ, ಉಳಿದ ಕಾಲ ನಿಶ್ಚಿಂತರಾಗಿರುವ ಕ್ರಮ ಇದು.

ಮೂರನೆಯದು, ಪ್ರಮಾಣವನ್ನು ಇಳಿಸುವುದು. ನಿಲ್ಲಿಸಲಾಗದವರು ಕೂಡ 40 ಮಿಲಿಗ್ರಾಮಿನ ಪ್ಯಾಂಟೊಪ್ರಜೋಲಿನಿಂದ 20ಕ್ಕೆ ಇಳಿಯಬಹುದೇ ಎಂದು ಪರೀಕ್ಷಿಸಬೇಕು. ಉರಿಯನ್ನು ತಡೆಯುವ ಕನಿಷ್ಠ ಪ್ರಮಾಣವೇ ಸರಿಯಾದ ಪ್ರಮಾಣ. ಎರಡು ಹೊತ್ತು ನುಂಗುತ್ತಿರುವವರು ಮೊದಲು ಒಂದು ಹೊತ್ತಿಗೆ ಬರಬೇಕು.

ನಾಲ್ಕನೆಯದು, ಮೆಟ್ಟಿಲಿಳಿಯುವುದು, ಎಂದರೆ ಪ್ರಬಲವಾದ ಔಷಧದಿಂದ ಸೌಮ್ಯವಾದ ಔಷಧಕ್ಕೆ ಬರುವುದು. ರಾತ್ರಿಯ ಉರಿಗೆ ಮಲಗುವ ಮುನ್ನ ಫಾಮೋಟಿಡೀನ್ ಉಪಕಾರಿ. ಆದರೆ ಪ್ರತಿದಿನವೂ ಸೇವಿಸಿದರೆ ಒಂದೆರಡು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ ಪ್ರಭಾವ ಕುಗ್ಗುತ್ತದೆ. ಆದುದರಿಂದ ಇದನ್ನು ಆಗಾಗ ಬಳಸುವುದೇ ಮೇಲು. ಇನ್ನೊಂದು, ಸಮುದ್ರದ ಕಂದು ಪಾಚಿಯಿಂದ ತೆಗೆಯುವ ಆಲ್ಜಿನೇಟ್. ಊಟವಾದ ಮೇಲೆ ಕುಡಿದರೆ ಇದು ಜಠರದಲ್ಲಿ ಲೋಳೆಯಾಗಿ, ಮೊಸರಿನ ಮೇಲಿನ ಕೆನೆಯಂತೆ ತೇಲಿ, ಆಮ್ಲ ಮೇಲೇರದಂತೆ ತಡೆಯುತ್ತದೆ. ಊಟದ ನಂತರವೇ ಉರಿಯುವವರಿಗೆ ಇದು ಬಹಳ ಒಳ್ಳೆಯದು.

ಯಾವ ದಾರಿ ಹಿಡಿದರೂ ಗುಳಿಗೆ ನುಂಗುವ ವೇಳೆಯನ್ನು ಮರೆಯಬಾರದು. ಪಂಪುಗಳು ಎಚ್ಚರಗೊಳ್ಳುವುದು ಆಹಾರ ಬಿದ್ದಾಗ. ಆ ಹೊತ್ತಿಗೆ ಔಷಧ ರಕ್ತದಲ್ಲಿರಬೇಕಾದುದರಿಂದ, ಬೆಳಗಿನ ಉಪಾಹಾರಕ್ಕೆ 30ರಿಂದ 60 ನಿಮಿಷ ಮುಂಚೆ ನುಂಗುವುದು ಉತ್ತಮ. ತಿಂಡಿ ತಿಂದು ಕಾಫಿ ಕುಡಿದು ಆಮೇಲೆ ನೆನಪಾಗಿ ನುಂಗಿದರೆ ಅರ್ಧ ಪ್ರಯೋಜನ ವ್ಯರ್ಥ. ಗುಳಿಗೆಯನ್ನು ಜಗಿಯಲೂ ಕೂಡದು, ಪುಡಿಮಾಡಲೂ ಕೂಡದು; ಆಮ್ಲದಿಂದ ಅದನ್ನು ಕಾಪಾಡುವುದು ಅದರ ಹೊರಪದರ. ‘ಈ ಗುಳಿಗೆ ನನಗೆ ಹಿಡಿಯಲಿಲ್ಲ’ ಎನ್ನುವ ಎಷ್ಟೋ ಮಂದಿಗೆ, ಬದಲಾಯಿಸಬೇಕಾದುದು ಔಷಧವಲ್ಲ, ಅದನ್ನು ಸೇವಿಸುವ ಗಳಿಗೆ.

ಬಿಟ್ಟಾಗ ಉರಿಯುವುದೇಕೆ?

ಈಗ ರಾಯರ ಎಂಟು ದಿನಗಳ ಸಂಕಟಕ್ಕೆ ಬರೋಣ. ಅವರ ರೋಗ ಮರಳಿ ಬಂದಿತೆ? ಹಾಗೆಂದು ಹೇಳಲಾಗದು.

ಆಮ್ಲ ಕುಗ್ಗಿದುದನ್ನು ಕಂಡ ದೇಹವು ‘ಇದೇನು, ಕೆಲಸ ನಡೆಯುತ್ತಿಲ್ಲವಲ್ಲ’ ಎಂದು ಗ್ಯಾಸ್ಟ್ರಿನ್ ಎಂಬ ರಸದೂತವನ್ನು ಹೆಚ್ಚು ಹೆಚ್ಚಾಗಿ ಕಳುಹಿಸುತ್ತದೆ. ಅದರಿಂದ ಆಮ್ಲವನ್ನು ಪ್ರಚೋದಿಸುವ ಜೀವಕೋಶಗಳು ಬಲಿಯುತ್ತವೆ. ಗುಳಿಗೆಯ ಹಿಡಿತವಿರುವವರೆಗೆ ಇದು ಹೊರಗೆ ಕಾಣುವುದಿಲ್ಲ. ಗುಳಿಗೆ ನಿಂತೊಡನೆ, ಕಟ್ಟೆಯೊಡೆದ ನೀರಿನಂತೆ, ಮೊದಲಿಗಿಂತಲೂ ಹೆಚ್ಚು ಆಮ್ಲ ಉಕ್ಕುತ್ತದೆ.

ಇದು ಬರಿಯ ತರ್ಕವಲ್ಲ. ಡೆನ್ಮಾರ್ಕಿನ ಸಂಶೋಧಕರು ಎದೆಯುರಿಯ ತೊಂದರೆಯೇ ಇಲ್ಲದ 120 ಮಂದಿ ಆರೋಗ್ಯವಂತರನ್ನು ಆರಿಸಿಕೊಂಡರು. ಒಂದು ಗುಂಪಿಗೆ ಎಂಟು ವಾರ ಎಸೋಮೆಪ್ರಜೋಲ್ ಕೊಟ್ಟು, ಅನಂತರದ ನಾಲ್ಕು ವಾರ ಅದೇ ಬಣ್ಣದ ಹುಸಿಗುಳಿಗೆಯನ್ನು ಕೊಟ್ಟರು. ಇನ್ನೊಂದು ಗುಂಪಿಗೆ ಹನ್ನೆರಡು ವಾರವೂ ಹುಸಿಗುಳಿಗೆಯೇ. ಕೊನೆಯ ನಾಲ್ಕು ವಾರಗಳಲ್ಲಿ, ನಿಜವಾದ ಔಷಧವನ್ನು ಸೇವಿಸಿ ಬಿಟ್ಟವರಲ್ಲಿ ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು ಮೊದಲಾದುವು ಕಾಣಿಸಿಕೊಂಡವು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. 2009ರಲ್ಲಿ ಪ್ರಕಟವಾದ ಈ ಪ್ರಯೋಗದ ಸಾರವನ್ನು ಓದುಗರು ಗಮನಿಸಬೇಕು: ರೋಗವೇ ಇಲ್ಲದವರಿಗೂ ಔಷಧ ಬಿಟ್ಟ ಕಾರಣದಿಂದಲೇ ಎದೆಯುರಿ ಹುಟ್ಟಿತು!

ಹಾಗಾದರೆ ಬಿಡುವ ಬಗೆ? ಕ್ರಮವಾಗಿ ಇಳಿಸಿದರೂ ಆಗಬಹುದು, ಒಮ್ಮೆಲೇ ನಿಲ್ಲಿಸಿದರೂ ಆಗಬಹುದು. ತಜ್ಞರು ಎರಡಕ್ಕೂ ಸಮ್ಮತಿಸುತ್ತಾರೆ. ಮುಖ್ಯವಾದುದು, ಕೆಲವು ವಾರ ಉರಿ ಏಳಬಹುದೆಂದು ಮುಂಚಿತವಾಗಿಯೇ ತಿಳಿದು, ದ್ರವೌಷಧವನ್ನೋ ಆಲ್ಜಿನೇಟನ್ನೋ ಫಾಮೋಟಿಡೀನನ್ನೋ ಕೈಗೆಟುಕುವಂತೆ ಇಟ್ಟುಕೊಂಡಿರುವುದು. ಹಲವರಲ್ಲಿ ಈ ಉಬ್ಬರ ತಾನಾಗಿಯೇ ಇಳಿಯುತ್ತದೆ. ಇಳಿಯದೆ ತಿಂಗಳುಗಟ್ಟಲೆ ಉಳಿದರೆ ಮಾತ್ರ ನಿಜವಾದ ರೋಗವೇ ಮರಳಿದೆಯೆಂದು ವೈದ್ಯರು ಮರುವಿಚಾರ ಮಾಡುತ್ತಾರೆ.

ಬಹುಕಾಲ ಸೇವಿಸಿದರೆ ಕೆಡುಕುಂಟೆ?

ಗುಳಿಗೆ ನುಂಗುವವರನ್ನು ಬಂಧುಬಳಗದವರು ಸುಮ್ಮನೆ ಬಿಡುವುದಿಲ್ಲ. ಎಲುಬು ಸವೆಯುತ್ತದೆ, ಮೂತ್ರಪಿಂಡ ಕೆಡುತ್ತದೆ, ಮರೆವು ಹಿಡಿಯುತ್ತದೆ ಎಂದು ಒಬ್ಬೊಬ್ಬರು ಒಂದೊಂದು ಭಯವನ್ನು ಹುಟ್ಟಿಸುವರು. ಈ ಮಾತುಗಳಿಗೆ ಆಧಾರವೇ ಇಲ್ಲವೆಂದಲ್ಲ. ಗುಳಿಗೆ ಸೇವಿಸುವವರ ದಾಖಲೆಗಳನ್ನು ಪರಿಶೀಲಿಸಿದಾಗ ಇಂಥ ಸಂಬಂಧಗಳು ಕಂಡುಬಂದಿದ್ದವು. ಆದರೆ ಈ ಗುಳಿಗೆಯನ್ನು ಹೆಚ್ಚಾಗಿ ನುಂಗುವವರು ವೃದ್ಧರು, ಬೇರೆ ಕಾಯಿಲೆಗಳುಳ್ಳವರು. ತಪ್ಪು ಗುಳಿಗೆಯದೋ ವಯಸ್ಸಿನದೋ ಎಂದು ದಾಖಲೆಯಿಂದಲೇ ತಿಳಿಯದು.

ಇದನ್ನು ನೇರವಾಗಿ ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದರ ಫಲ 2019ರಲ್ಲಿ ಹೊರಬಂದಿತು. ಹೃದಯ ಹಾಗೂ ರಕ್ತನಾಳಗಳ ರೋಗವಿದ್ದ 17,598 ಮಂದಿಯಲ್ಲಿ ಕೆಲವರಿಗೆ ಪ್ಯಾಂಟೊಪ್ರಜೋಲನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ಸುಮಾರು ಮೂರು ವರ್ಷ ಗಮನಿಸಲಾಯಿತು. ಎಲುಬು ಮುರಿತ, ಮೂತ್ರಪಿಂಡದ ರೋಗ, ಮರೆವು, ನ್ಯುಮೋನಿಯ ಯಾವುದರಲ್ಲಿಯೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕರುಳಿನ ಸೋಂಕು ಮಾತ್ರ ತುಸು ಹೆಚ್ಚಿದ್ದಿತು: ನೂರಕ್ಕೆ 1.0 ಇದ್ದುದು 1.4. ಆಹಾರದೊಡನೆ ಬರುವ ಕ್ರಿಮಿಗಳನ್ನು ಸುಡುವುದೂ ಆಮ್ಲದ ಕೆಲಸವೇ ಆದುದರಿಂದ ಇದು ಯುಕ್ತವಾಗಿಯೇ ಇದೆ. ಮೂರು ವರ್ಷದ ಪ್ರಯೋಗ ಮೂವತ್ತು ವರ್ಷದ ಮಾತನ್ನು ಹೇಳಲಾರದು; ಆದರೂ ಅಗತ್ಯವಿರುವವರು ಹೆದರಬೇಕಾಗಿಲ್ಲವೆಂಬ ಧೈರ್ಯವನ್ನು ಕೊಡುತ್ತದೆ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ನೆನಪಿಡಬೇಕಾದ ಎರಡು ಮಾತುಗಳಿವೆ. ಮೊದಲನೆಯದು ಬಿ-12 ಜೀವಸತ್ವ. ಆಹಾರದಿಂದ ಇದನ್ನು ಬಿಡಿಸಿಕೊಳ್ಳಲು ಆಮ್ಲ ಬೇಕು. ಹಾಲು ಮೊಸರುಗಳಿಂದ ಮಾತ್ರ ಇದನ್ನು ಪಡೆಯುವ ಶಾಕಾಹಾರಿಗಳಲ್ಲಿ ಮೊದಲೇ ಇದರ ಕೊರತೆ ಸಾಮಾನ್ಯ. ವರ್ಷಗಟ್ಟಲೆ ಗುಳಿಗೆಯೂ ಸೇರಿದರೆ ಕೊರತೆ ಹೆಚ್ಚಬಹುದು. ಕಾಲು ಜೋಮುಹಿಡಿಯುವುದು, ನಿಶ್ಶಕ್ತಿ ಮುಂತಾದುವು ಕಾಣಿಸಬಹುದು. ಸಕ್ಕರೆ ರೋಗಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಿಗೆ ಈ ಎಚ್ಚರಿಕೆ ಇಮ್ಮಡಿ. ಅಪರೂಪವಾಗಿ ಮೆಗ್ನೀಸಿಯಂ ಕೂಡ ಕುಗ್ಗುವುದುಂಟು. ರಕ್ತಪರೀಕ್ಷೆಯಿಂದ ಇವೆರಡನ್ನೂ ತಿಳಿಯಬಹುದು.

ಎರಡನೆಯದು ಜೋಡಿ ಔಷಧ. ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುವ ಹಲವು ಕ್ಯಾಪ್ಸೂಲುಗಳಲ್ಲಿ ಪಂಪುರೋಧಕದೊಡನೆ ಡೊಂಪೆರಿಡೋನ್ ಬೆರೆತಿರುತ್ತದೆ. ಇದು ವಾಕರಿಕೆಯ ಮದ್ದು. ಕೆಲವರಲ್ಲಿ ಹೃದಯದ ಲಯವನ್ನು ಕೆಡಿಸಬಹುದಾದುದರಿಂದ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದೆಂದು ಯೂರೋಪಿನ ಔಷಧ ಸಂಸ್ಥೆ 2014ರಲ್ಲಿ ಮಿತಿ ಹಾಕಿತು. ನೀವು ವರ್ಷಗಟ್ಟಲೆ ನುಂಗುತ್ತಿರುವ ಕ್ಯಾಪ್ಸೂಲಿನ ಪಟ್ಟಿಯನ್ನು ತಿರುವಿ, ಅದರಲ್ಲಿ ಏನೇನಿದೆಯೆಂದು ಇಂದೇ ಓದಿ ನೋಡಿ.

ಅಣ್ಣನ ಮಾತು, ತಂಗಿಯ ಕಷ್ಟ

ರಾಯರು ಕೊನೆಗೆ ವೈದ್ಯರ ಬಳಿಗೆ ಹೋದರು. ಎಂಡೋಸ್ಕೊಪಿ ಆಯಿತು, ಗಾಯವೇನೂ ಇರಲಿಲ್ಲ. ವೈದ್ಯರು ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಕೊಟ್ಟು, ಕಡೆಗೆ ನಿಲ್ಲಿಸಿದರು. ನಡುವೆ ಎದ್ದ ಉರಿಗೆ ಆಲ್ಜಿನೇಟ್ ಸಾಕಾಯಿತು. ಎರಡು ತಿಂಗಳಲ್ಲಿ ರಾಯರು ಬಂಧಮುಕ್ತರಾದರು. ಹಬ್ಬಕ್ಕೆ ಕೂಡಿದ ನಂಟರೆದುರಿಗೆ ಈ ವಿಜಯವನ್ನು ವಿಸ್ತಾರವಾಗಿ ವರ್ಣಿಸಿದರು.

ಕೇಳಿದವರಲ್ಲಿ ಅವರ ತಂಗಿಯೂ ಒಬ್ಬರು. ಆಕೆಯೂ ಅದೇ ಹಳದಿ ಗುಳಿಗೆಯನ್ನು ಸೇವಿಸುತ್ತಿದ್ದವರು. “ಅಣ್ಣನಿಗಾದುದು ನನಗಾಗದೆ?” ಎಂದು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ಉರಿ ಅಷ್ಟೇನೂ ಬರಲಿಲ್ಲವೆಂದು ಸಂತೋಷವನ್ನೂ ಪಟ್ಟರು. ಕೆಲವು ತಿಂಗಳ ನಂತರ, ಊಟಕ್ಕೆ ಕುಳಿತಾಗ ಚಪಾತಿಯ ತುಂಡು ಎದೆಯಲ್ಲಿಯೇ ನಿಂತಿತು. ನೀರು ಕುಡಿದರೂ ಇಳಿಯಲಿಲ್ಲ. ಪರೀಕ್ಷೆಯಲ್ಲಿ ಕಂಡುದೇನೆಂದರೆ, ಹಿಂದೆ ಮಾಯ್ದಿದ್ದ ದೊಡ್ಡ ಹುಣ್ಣು ಮತ್ತೆ ಬಿರಿದು, ನಾಳವು ಕಿರಿದಾಗಿದ್ದಿತು. ಅದನ್ನು ಹಿಗ್ಗಿಸಲು ಆಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕಾಯಿತು. ಆಕೆಯದು ಡಿ ದರ್ಜೆಯ ರೋಗವೆಂದು ಹಳೆಯ ವರದಿಯಲ್ಲಿ ಬರೆದೇ ಇದ್ದಿತು. ಅದನ್ನು ತೆಗೆದು ಓದಿದವರಿಲ್ಲ.

ಒಂದೇ ಮನೆಯ ಅಣ್ಣ ತಂಗಿಯರು, ಒಂದೇ ಗುಳಿಗೆ. ಒಬ್ಬರು ಬಿಡಬೇಕಾದುದು, ಇನ್ನೊಬ್ಬರು ಬಿಡಬಾರದುದು. ಹೃದ್ರೋಗಕ್ಕಾಗಿ ಆಸ್ಪಿರಿನ್ ಅಥವಾ ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧಗಳನ್ನು ಸೇವಿಸುವ ಅನೇಕರಿಗೆ, ಜಠರದಲ್ಲಿ ರಕ್ತಸ್ರಾವವಾಗದಿರಲೆಂದು ಇದೇ ಗುಳಿಗೆಯನ್ನು ಕೊಟ್ಟಿರುತ್ತಾರೆ. ಅವರೂ ಸ್ವಂತ ಬುದ್ಧಿಯಿಂದ ನಿಲ್ಲಿಸಕೂಡದು. ಕ್ಲೋಪಿಡೋಗ್ರೆಲ್ ಸೇವಿಸುವವರು ಒಮೆಪ್ರಜೋಲನ್ನೂ ಎಸೋಮೆಪ್ರಜೋಲನ್ನೂ ತಾವಾಗಿ ಕೊಂಡು ನುಂಗಲೂ ಕೂಡದು. ಅವು ಆ ಔಷಧದ ಪ್ರಭಾವವನ್ನು ಕುಗ್ಗಿಸುತ್ತವೆ.

ಮನೆಯಲ್ಲಿ ಮಾಡತಕ್ಕದ್ದು

ಬಾಗಿಲಿನ ದೋಷಕ್ಕೆ ಗುಳಿಗೆಯಿಲ್ಲದಿದ್ದರೂ ನಡವಳಿಕೆಯಲ್ಲಿ ಕೊಂಚ ಮದ್ದುಂಟು. ಬೊಜ್ಜು ಹೊಟ್ಟೆಯನ್ನು ಒತ್ತಿ ಆಮ್ಲವನ್ನು ಮೇಲಕ್ಕೆ ತಳ್ಳುತ್ತದೆ. ತೂಕ ಇಳಿಸಿದವರಲ್ಲಿ ಉರಿ ಇಳಿದುದು ಚೆನ್ನಾಗಿ ಕಂಡುಬಂದಿದೆ. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಮೂರು ಗಂಟೆಗಳ ಅಂತರವಿರಲಿ. ರಾತ್ರಿ ಉರಿಯುವವರು ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಗ್ಗುತ್ತದೆಯೇ ಹೊರತು ಪ್ರಯೋಜನವಿಲ್ಲ. ಮಂಚದ ತಲೆಯ ಕಡೆಯ ಕಾಲುಗಳಿಗೆ ಆರೆಂಟು ಅಂಗುಲ ಎತ್ತರದ ಮರದ ದಿಮ್ಮಿಯನ್ನು ಕೊಡಬೇಕು. ಎಡಮಗ್ಗುಲಲ್ಲಿ ಮಲಗುವುದು ಬಲಮಗ್ಗುಲಿಗಿಂತ ಹಿತಕರ. ಹೊಗೆಸೊಪ್ಪು ಬಳೆಸ್ನಾಯುವನ್ನು ಸಡಿಲಿಸುತ್ತದೆ. ಕರಿದ ತಿಂಡಿ, ಕಾಫಿ, ಹುಳಿ, ಖಾರ ಇವೆಲ್ಲವನ್ನೂ ಎಲ್ಲರೂ ತ್ಯಜಿಸಬೇಕಾಗಿಲ್ಲ. ಯಾರಿಗೆ ಯಾವುದು ಆಗದೋ ಅದನ್ನು ಅವರು ಬಿಟ್ಟರೆ ಸಾಕು. ತಣ್ಣನೆಯ ಹಾಲು ಕ್ಷಣಕಾಲ ತಂಪೆರೆದರೂ ಅನಂತರ ಆಮ್ಲವನ್ನು ಪ್ರಚೋದಿಸುವುದುಂಟು. ಅಡುಗೆ ಸೋಡಾದಲ್ಲಿರುವ ಸೋಡಿಯಂ ರಕ್ತದ ಒತ್ತಡವುಳ್ಳವರಿಗೆ ಒಳ್ಳೆಯದಲ್ಲ.

ಕೆಲವು ಗುರುತುಗಳು ಕಂಡರೆ ಮನೆಮದ್ದನ್ನೂ ಅಂಗಡಿಯ ಮದ್ದನ್ನೂ ಬಿಟ್ಟು ವೈದ್ಯರ ಬಳಿಗೆ ಹೋಗತಕ್ಕದ್ದು: ತುತ್ತು ನುಂಗಲು ತಡೆಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿಯಾಗುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ರಕ್ತಹೀನತೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೊಂದಿದೆ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಭುಜಕ್ಕೋ ದವಡೆಗೋ ಹರಿದಾಗ, ಅಥವಾ ನಡೆದಾಗ ಹೆಚ್ಚಿ ನಿಂತಾಗ ಇಳಿದರೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಗುಳಿಗೆ ನುಂಗಿ ಮಲಗಬಾರದು. ಅದು ಹೃದಯದ ಕರೆಯಾಗಿರಬಹುದು. ಹೊತ್ತು ಎಷ್ಟಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಕೊನೆಗೆ ಬರಿಯ ಹುಳಿತೇಗೇ ಆಗಿದ್ದರೆ ನಷ್ಟವೇನೂ ಇಲ್ಲ.

ರಾಯರ ಗೂಡಿನಲ್ಲಿ ಈಗಲೂ ಒಂದು ಪಟ್ಟಿ ಇದೆ. ಆದರೆ ಅದು ತಿಂಗಳುಗಟ್ಟಲೆ ಖಾಲಿಯಾಗುವುದಿಲ್ಲ. ಮದುವೆಮನೆಯಲ್ಲಿ ಹೋಳಿಗೆ ಆಂಬೊಡೆಗಳು ಮಿತಿಮೀರಿದಾಗ ಮೂರು ನಾಲ್ಕು ದಿನ ಅದರ ಸಹಾಯವನ್ನು ಪಡೆಯುತ್ತಾರೆ. ತಂಗಿಯ ಮನೆಯ ಗೂಡಿನಲ್ಲಿಯೂ ಅದೇ ಪಟ್ಟಿ ಇದೆ. ಆಕೆ ಒಂದು ದಿನವೂ ತಪ್ಪಿಸುವುದಿಲ್ಲ. ಹಳೆಯ ವರದಿ ಈಗ ಪೆಟ್ಟಿಗೆಯ ತಳದಲ್ಲಿಲ್ಲ. ಪಟ್ಟಿಯ ಕೆಳಗೇ ಇದೆ. ಓದುಗರೂ ತಮ್ಮ ಮನೆಯ ಪೆಟ್ಟಿಗೆಯ ತಳವನ್ನು ಒಮ್ಮೆ ಹುಡುಕಿ, ಚೀಟಿಯಲ್ಲಿ ಎಷ್ಟು ವಾರವೆಂದು ಬರೆದಿದೆಯೋ ನೋಡಲಿ. ಆಮೇಲೆ ಮಾಡತಕ್ಕದ್ದು, ಗುಳಿಗೆಯನ್ನು ಎಸೆಯುವುದಲ್ಲ, ಆ ಚೀಟಿಯನ್ನು ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ, “ಇನ್ನೆಷ್ಟು ಕಾಲ?” ಎಂದು ಕೇಳುವುದು.